ಕಣ್ಮರೆಯಾದವರ ಲೆಕ್ಕ

ಇಂತಹ ಔಷಧದಿಂದ ನೂರಕ್ಕೆ ಇಷ್ಟು ಮಂದಿ ಬದುಕಿದರೆಂಬ ಪ್ರಕಟಣೆಯನ್ನು ಓದುವಾಗ, ನಡುವೆ ಕಣ್ಮರೆಯಾದವರನ್ನು ಯಾವ ಪಟ್ಟಿಗೆ ಸೇರಿಸಿದರೆಂದು ವಾಚಕರು ಕೇಳುವುದುಂಟೆ? ಕೇಳಲೇಬೇಕೆಂಬುದು ನಮ್ಮ ಅಭಿಮತ.

ಹತ್ತು ಮಂದಿ ರೋಗಿಗಳೆಂದಿಟ್ಟುಕೊಳ್ಳೋಣ. ಮೊದಲ ವರ್ಷದಲ್ಲಿ ಇಬ್ಬರು ತೀರಿಕೊಂಡರು. ವರ್ಷಾಂತ್ಯಕ್ಕೆ ಮೂವರು ಊರು ಬಿಟ್ಟರು. ಅವರ ಸಮಾಚಾರವೇ ಇಲ್ಲ. ಉಳಿದ ಐವರಲ್ಲಿ ಒಬ್ಬರು ಎರಡನೆಯ ವರ್ಷ ಕಾಲವಾದರು. ಊರು ಬಿಟ್ಟವರನ್ನು ಮೃತರೆಂದೆಣಿಸಿದರೆ ಬದುಕಿದವರು ನೂರಕ್ಕೆ 40, ಜೀವಂತರೆಂದೆಣಿಸಿದರೆ 70, ಪಟ್ಟಿಯಿಂದಲೇ ಹೊಡೆದುಹಾಕಿದರೆ 57. ಮೂರೂ ನ್ಯಾಯವಲ್ಲ. ಅವರು ಒಂದು ವರ್ಷ ಬದುಕಿದ್ದುದು ನಿಶ್ಚಯ, ಮುಂದಿನದು ಅಜ್ಞಾತ.

1958ರಲ್ಲಿ ಅಮೆರಿಕದ ಎಡ್ವರ್ಡ್ ಕಪ್ಲಾನ್, ಪಾಲ್ ಮೈಯರ್ ಎಂಬ ವಿದ್ವಾಂಸರು ಪ್ರಕಟಿಸಿದ ಕ್ರಮವು ತಿಳಿದಷ್ಟನ್ನೂ ಬಿಡದೆ ಎಣಿಸುತ್ತದೆ. ಪ್ರತಿಯೊಂದು ಮರಣದ ವೇಳೆಯಲ್ಲಿ ಇನ್ನೂ ಲೆಕ್ಕದಲ್ಲಿರುವವರ ಪೈಕಿ ಉಳಿದವರ ಪಾಲನ್ನು ಗುಣಿಸುತ್ತ ಹೋಗುವುದೇ ಅದರ ಮರ್ಮ. ಹತ್ತರಲ್ಲಿ ಎಂಟು, ಐದರಲ್ಲಿ ನಾಲ್ಕು. ಗುಣಿಸಿದರೆ ನೂರಕ್ಕೆ 64. ಮೈಯರರ ಮುಂದಿದ್ದುದು ಅರ್ಬುದ ರೋಗಿಗಳ ಆಯುಸ್ಸು. ಕಪ್ಲಾನರ ಮುಂದಿದ್ದುದು ಸಮುದ್ರದಡಿಯ ದೂರವಾಣಿ ತಂತಿಗಳ ವಾಲ್ವುಗಳ ಆಯುಸ್ಸು. ಗಣಿತ ಮಾತ್ರ ಒಂದೇ.

ಆದರೆ ಒಂದು ನಿಬಂಧನೆಯುಂಟು. ಊರು ಬಿಟ್ಟ ಕಾರಣಕ್ಕೂ ಮರಣಕ್ಕೂ ನಂಟಿರಕೂಡದು. ರೋಗವು ಉಲ್ಬಣಿಸಿದವರೇ ಆಸ್ಪತ್ರೆ ತೊರೆದು ಹೋಗಿದ್ದರೆ ಆ 64 ಸಹ ಹುಸಿಯಾಗುವುದು. ಇದನ್ನು ಯಾವ ಗುಣಾಕಾರವೂ ಸರಿಪಡಿಸಲಾರದು. ಆದಕಾರಣ ಬಾರದವರ ವಿಳಾಸ ಹಿಡಿದು ವಿಚಾರಿಸುವುದು ಅಧಿಕಾರಿಗಳ ಕರ್ತವ್ಯ. ಕಣ್ಮರೆಯಾದವರ ಸಂಖ್ಯೆಯನ್ನು ಪ್ರಕಟಣೆಯಲ್ಲಿ ಕಾಣಿಸತಕ್ಕದ್ದು ಪ್ರಾಮಾಣಿಕತೆ. ಆ ಸಂಖ್ಯೆಯನ್ನು ಮುಚ್ಚಿಟ್ಟ ಲೆಕ್ಕವನ್ನು ನಂಬದಿರುವುದೇ ಲೇಸು.