ಪತ್ತೇದಾರಿಣಿಗೊಂದು ನೆಪವೇಕೆ?

ಲಂಡನ್ ಪೊಲೀಸರು ಮಹಿಳೆಯರನ್ನು ಗಸ್ತಿಗೆ ಇಳಿಸಿದ್ದು 1919ರಲ್ಲಿ. ಲೇಖಕಿ ಎಮ್ಮಾ ಆರ್ಕ್ಸಿಯಾದರೋ 1910ರಲ್ಲಿಯೇ ಲೇಡಿ ಮಾಲಿ ಎಂಬ ಪತ್ತೇದಾರಿಣಿಯನ್ನು ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಕೂರಿಸಿದ್ದರು. ಆದರೆ ಆಕೆಯ ಬುದ್ಧಿಗೊಂದು ನೆಪ ಬೇಕಾಯಿತು: ನಿರಪರಾಧಿಯಾದ ಪತಿಯನ್ನು ಸೆರೆಯಿಂದ ಬಿಡಿಸುವುದು. ಆ ಕಾರ್ಯ ಕೈಗೂಡಿದೊಡನೆ ಆಕೆ ವೃತ್ತಿಯನ್ನೇ ತ್ಯಜಿಸುತ್ತಾಳೆ. ಅಮೆರಿಕದ ಆನಾ ಕ್ಯಾಥರೀನ್ ಗ್ರೀನ್ 1915ರಲ್ಲಿ ಚಿತ್ರಿಸಿದ ವಯೊಲೆಟ್ ಸ್ಟ್ರೇಂಜ್ ಗುಟ್ಟಾಗಿ ಪತ್ತೇದಾರಿಕೆ ನಡೆಸುವುದು, ತಂದೆ ತೊರೆದ ಸೋದರಿಯ ಸಂಗೀತ ಶಿಕ್ಷಣಕ್ಕಾಗಿ. ಪರರಿಗಾಗಿ ದುಡಿದರೆ ಮಾತ್ರ ಹೆಣ್ಣಿನ ಜಾಣ್ಮೆ ಕ್ಷಮ್ಯವೆಂದು ಅಂದಿನ ಲೇಖಕರು ಬಗೆದಂತಿದೆ.

ಕಥೆಯಿಂದ ಬದುಕಿಗೆ ಬಂದರೆ, ಅಂದು ನಮ್ಮ ಥಾಣೆ ಜಿಲ್ಲೆಗೆ ಸೇರಿದ್ದ ಪಾಲ್ಘರ್‌ನಲ್ಲಿ ಜನಿಸಿದ ರಜನಿ ಪಂಡಿತ್ ಪತ್ತೇದಾರಿಕೆಯನ್ನು ವೃತ್ತಿಯಾಗಿಯೇ ಸ್ವೀಕರಿಸಿ, 1991ರಲ್ಲಿ ಸ್ವಂತ ಸಂಸ್ಥೆಯನ್ನು ತೆರೆದರು. ಡೊಂಬಿವಲಿ, ಕಲ್ಯಾಣಗಳ ನಮ್ಮ ಹೆಣ್ಣುಮಕ್ಕಳು ಉದ್ಯೋಗ ಬಯಸಿದಾಗ "ಮನೆಯಲ್ಲಿ ಏನು ಕಡಿಮೆಯಾಗಿದೆ?" ಎಂದು ಕೇಳುವ ಹಿರಿಯರು ಈ ಅಂತರವನ್ನು ಗಮನಿಸುವುದೊಳಿತು.