ಎಳೆಯ ಮಕ್ಕಳ ಹಟ: ಹೊಡೆಯದೆ ತಿದ್ದುವುದು ಹೇಗೆ?

ಒಂದರಿಂದ ಮೂರು ವರ್ಷದ ಕೂಸುಗಳ ಹಟದ ಬಗ್ಗೆ ಇಂದು ನಾಲ್ಕು ಮಾತು.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಗಾದೆ ಹೇಳಿ ಎರಡು ಏಟು ಹಾಕುವವರು ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಊರುಗಳಲ್ಲಿ ಇಂದಿಗೂ ಇದ್ದಾರೆ. ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಡಿದು ಬಗ್ಗಿಸುವ ರೈತ ಎಲ್ಲಿದ್ದಾನೆ? ಅವನು ಪಕ್ಕದಲ್ಲಿ ಕೋಲು ನೆಟ್ಟು, ಮೆತ್ತಗೆ ಕಟ್ಟಿ, ದಿನಾ ನೋಡಿಕೊಳ್ಳುತ್ತಾನೆ.

ಎರಡು ವರ್ಷದ ಕೂಸಿಗೆ ಆಸೆ, ಸಿಟ್ಟು ದೊಡ್ಡವರಷ್ಟೇ ಇರುತ್ತವೆ. ಅವನ್ನು ತಡೆದುಕೊಳ್ಳುವ ಮಿದುಳಿನ ಭಾಗ ಮಾತ್ರ ಇನ್ನೂ ಬಲಿತಿರುವುದಿಲ್ಲ. ಅದು ಪೂರ್ತಿ ಬಲಿಯಲು ಇಪ್ಪತ್ತು ವರ್ಷವೂ ಸಾಲದು. ಬೇಕಾದುದನ್ನು ಹೇಳಲು ಮಾತೂ ಬಾರದು. ಆಗ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಮನೆಯಲ್ಲಿ 'ಬ್ಯಾಡ', ಓಣಿಯಲ್ಲಿ 'ನಕೋ' ಕೇಳುವ ನಮ್ಮ ಕೂಸುಗಳು ಎರಡನ್ನೂ ಬೆರೆಸಿ ಆಡುತ್ತವೆ. ಅದು ದಡ್ಡತನವಲ್ಲ, ಎರಡು ಭಾಷೆಯಿಂದ ಕೂಸಿಗೆ ಹಾನಿಯೂ ಇಲ್ಲ. ಹೇಳುವ ಮಾತು ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ, ಅಷ್ಟೇ ಸಾಕು.

ಏಟು ಬಿದ್ದರೆ ಅಳು ನಿಲ್ಲಬಹುದು. ನಿಲ್ಲುವುದು ಹೆದರಿಕೆಯಿಂದ, ತಿಳುವಳಿಕೆಯಿಂದಲ್ಲ. ಮರುದಿನ ಅದೇ ಏಟನ್ನು ಅದು ತೊಟ್ಟಿಲಲ್ಲಿರುವ ತಂಗಿಗೆ ಕೊಡುತ್ತದೆ. ದೊಡ್ಡವರು ಚಿಕ್ಕವರನ್ನು ಹೊಡೆಯಬಹುದೆಂಬ ಪಾಠ ಕಲಿತಿರುತ್ತದೆ. ಸಿಟ್ಟಿನಲ್ಲಿ ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸುವುದಂತೂ ಬೇಡವೇ ಬೇಡ. ಮಿದುಳಿಗೆ ಪೆಟ್ಟಾಗಿ ಪ್ರಾಣವೇ ಹೋಗಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ಮನೆಯನ್ನು ತಿದ್ದಿರಿ. ಕಡ್ಡಿಪೆಟ್ಟಿಗೆ, ಈಳಿಗೆ, ಹೊಲಕ್ಕೆ ತಂದ ಔಷಧದ ಬಾಟಲಿ ಕೈಗೆ ಸಿಗದಂತಿರಲಿ. ನೀರು ತುಂಬಿದ ಬಕೆಟ್ಟಿನ ಬಳಿ ಕೂಸನ್ನು ಒಂದು ನಿಮಿಷವೂ ಬಿಡಬೇಡಿ.

ಎರಡನೆಯದು, ಕೈ ತಪ್ಪಿಸಿ ಬೇರೆ ಕೆಲಸ ಕೊಡಿ. ರೊಟ್ಟಿ ಬಡಿಯುವಾಗ ಹಂಚಿನ ಕಡೆ ಕೈ ಚಾಚಿತೇ? 'ಬಿಸಿ' ಎಂದು ಹೇಳಿ ದೂರ ಕೂರಿಸಿ, ಜೋಳದ ಹಿಟ್ಟಿನ ಒಂದು ಉಂಡೆ ಕೊಡಿ. 'ಓಡಬ್ಯಾಡ' ಎನ್ನುವುದಕ್ಕಿಂತ 'ನನ್ನ ಕೈ ಹಿಡಿ' ಎಂದರೆ ಅದಕ್ಕೆ ಬೇಗ ತಿಳಿಯುತ್ತದೆ.

ಮೂರನೆಯದು, ಆಯ್ಕೆ ಕೊಡಿ. 'ಕೆಂಪಂಗಿಯೋ, ಹಸಿರಂಗಿಯೋ?' ಎಂದು ಕೇಳಿದರೆ ಅಂಗಿ ಬೇಡವೆಂಬ ಹಟವೇ ಮರೆತುಹೋಗಬಹುದು.

ಹೊರಳಾಡಿ ಅಳುವಾಗ ಉಪದೇಶ ಬೇಡ. ಹಸಿವೋ ನಿದ್ದೆಯೋ ನೋಡಿ. ಪೆಟ್ಟಾಗದಂತೆ ಹತ್ತಿರ ಕೂತಿರಿ. ಆದರೆ ಇಲ್ಲವೆಂದ ವಸ್ತುವನ್ನು ಅಳುವಿಗಾಗಿ ಕೊಡಬೇಡಿ. ಅಳು ತಣಿದ ಮೇಲೆ ಎತ್ತಿಕೊಳ್ಳಿ. 'ಗುಮ್ಮ ಬರ್ತಾನ, ಪೊಲೀಸ ಬರ್ತಾನ' ಎಂದು ಹೆದರಿಸುವುದೂ ಒಂದು ಬಗೆಯ ಏಟೇ.

ಇದು ಹೊರದೇಶದ ನಾಜೂಕು ಎನ್ನುವವರಿಗೆ ಒಂದು ಮಾತು. ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ತೆರೆದು, ಭಯವೂ ಶಿಕ್ಷೆಯೂ ಇಲ್ಲದೆ ಮಕ್ಕಳಿಗೆ ಕಲಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ನಮ್ಮ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಡ ಮಕ್ಕಳ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಮಾಸ್ತರರೇ ಹೊಡೆಯಬಾರದೆಂದ ಮೇಲೆ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಕೂಸಿಗೆ ಮನೆಯಲ್ಲಿ ಏಟೇಕೆ?

ಕೊನೆಯದಾಗಿ, ಮನೆಮಂದಿಯ ಮಾತು ಒಂದೇ ಇರಲಿ. ಬ್ಯಾಂಕಿನಲ್ಲಿ ಒಂದು ಕಿಟಕಿಯವ ಇಲ್ಲವೆಂದು, ಪಕ್ಕದ ಕಿಟಕಿಯವ ಹೌದೆಂದರೆ ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಗುಮಾಸ್ತಿಕೆ ಮಾಡಿದ ನನಗೆ ಅದು ಚೆನ್ನಾಗಿ ಗೊತ್ತು. ಎರಡು ವರ್ಷದ ಕೂಸಿಗೂ ಗೊತ್ತು. ಅವ್ವ ಬೇಡವೆಂದದ್ದನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಡದಿರಲಿ. ಸಿಟ್ಟು ಮೀರಿತೆನಿಸಿದಾಗ ಸೊಸೆಯಾದವಳು ಕೂಸನ್ನು ಅತ್ತೆಯ ಕೈಗಿತ್ತು ಒಂದು ತಂಬಿಗೆ ನೀರು ಕುಡಿದು ಬರಲಿ. ಅತ್ತೆಯೂ ಅದಕ್ಕೆ ಬೇಸರಪಡದಿರಲಿ. ಕೂಸು ಒಂದು ಒಳ್ಳೆಯ ಕೆಲಸ ಮಾಡಿದಾಗ 'ಭೇಷ್' ಎನ್ನಲು ಯಾರೂ ಮರೆಯದಿರಲಿ.