ಬೆರಳಿಗೆ ಗೊತ್ತಾಗುವ ಸ್ವಿಚ್ಚು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯನ್ನು ಒಂದು ವಿಚಿತ್ರ ಅಪಘಾತ ಕಾಡುತ್ತಿತ್ತು. ಬಿ-17 ಬಾಂಬರ್ ವಿಮಾನ ಸುಸೂತ್ರವಾಗಿ ರನ್‌ವೇಗೆ ಇಳಿಯುತ್ತಿತ್ತು. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಚಕ್ರಗಳು ಮಡಚಿಕೊಂಡು, ವಿಮಾನ ಹೊಟ್ಟೆಯ ಮೇಲೆ ಕುಸಿದು ಉಜ್ಜಿಕೊಂಡು ಹೋಗುತ್ತಿತ್ತು. ಬಿ-25, ಪಿ-47 ವಿಮಾನಗಳಲ್ಲೂ ಇದೇ ಕಥೆ. ಯಂತ್ರಗಳಲ್ಲಿ ದೋಷವಿರಲಿಲ್ಲ. ಚಕ್ರ ಮಡಚುವ ಸ್ವಿಚ್ಚನ್ನು ಹಾಕಿದವರು ವಿಮಾನ ನಡೆಸುವವರೇ. ಹಾಗಾಗಿ ಅದು ಪೈಲಟ್‌ಗಳ ತಪ್ಪು ಎಂದೇ ಲೆಕ್ಕವಾಗುತ್ತಿತ್ತು.

ಓಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ವಾಯುಪಡೆಯ ವೈದ್ಯಕೀಯ ಪ್ರಯೋಗಾಲಯವಿತ್ತು. ಅಲ್ಲಿ ಕೆಲಸಕ್ಕೆ ಸೇರಿದ ತರುಣ ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಅವರಿಗೆ ಈ ಸಮಸ್ಯೆಯನ್ನು ಒಪ್ಪಿಸಲಾಯಿತು. ಅವರು ಹೋಗಿ ಕಾಕ್‌ಪಿಟ್ಟನ್ನು ನೋಡಿದರು.

ವಿಮಾನ ಇಳಿಯುವಾಗ ರೆಕ್ಕೆಯ ಹಿಂಬದಿಯ ಅಗಲ ಪಟ್ಟಿಗಳನ್ನು ಕೆಳಕ್ಕೆ ಬಾಗಿಸುತ್ತಾರೆ. ಇವೇ ಫ್ಲ್ಯಾಪ್‌ಗಳು. ವೇಗ ಕಡಿಮೆಯಾದರೂ ವಿಮಾನವನ್ನು ಎತ್ತಿ ಹಿಡಿಯುವ ಕೆಲಸ ಅವುಗಳದು. ನೆಲ ಮುಟ್ಟಿದ ಮೇಲೆ ಅವನ್ನು ಮತ್ತೆ ಮೇಲಕ್ಕೆ ಸೇರಿಸಬೇಕು. ಬಿ-17ರಲ್ಲಿ ಫ್ಲ್ಯಾಪ್‌ನ ಸ್ವಿಚ್ಚು ಮತ್ತು ಚಕ್ರದ ಸ್ವಿಚ್ಚು ಅಕ್ಕಪಕ್ಕದಲ್ಲಿದ್ದವು. ಎರಡರದೂ ಒಂದೇ ಆಕಾರ, ಮುಟ್ಟಿದರೆ ಒಂದೇ ಅನುಭವ. ದೂರದ ದಾಳಿ ಮುಗಿಸಿ ದಣಿದು ಬಂದವನ ಕಣ್ಣು ಕಿಟಕಿಯಾಚೆಯ ರನ್‌ವೇ ಮೇಲಿರುತ್ತದೆ, ಕೈ ಮಾತ್ರ ಪಕ್ಕಕ್ಕೆ ಹೋಗುತ್ತದೆ. ಒಂದೆರಡು ಅಂಗುಲ ಅತ್ತಿತ್ತಾದರೂ ಬೆರಳಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ.

ಸಿ-47 ಸಾಗಣೆ ವಿಮಾನದಲ್ಲಿ ಮಾತ್ರ ಈ ತೊಂದರೆ ಕಾಣಿಸಲಿಲ್ಲ. ನಮ್ಮವರು ಡಕೋಟಾ ಎಂದು ಕರೆಯುತ್ತಿದ್ದದ್ದು ಇದನ್ನೇ. ಅದರಲ್ಲಿ ಫ್ಲ್ಯಾಪ್ ಮತ್ತು ಚಕ್ರದ ಹಿಡಿಗಳು ಬೇರೆ ಬೇರೆ ಜಾಗದಲ್ಲಿದ್ದವು, ಚಲಾಯಿಸುವ ರೀತಿಯೂ ಬೇರೆ. ಪೈಲಟ್‌ಗಳೇನೋ ಅದೇ ಪಡೆಯವರು, ಆಯಾಸವೂ ಅದೇ. ಕೈ ತಪ್ಪದೇ ಇದ್ದದ್ದಕ್ಕೆ ಕಾರಣ ಹಿಡಿಗಳ ಜೋಡಣೆ.

ಚಪಾನಿಸ್ ಮಾಡಿದ ಪರಿಹಾರ ತೀರಾ ಸರಳ. ಚಕ್ರದ ಸ್ವಿಚ್ಚಿನ ತುದಿಗೆ ಒಂದು ಪುಟ್ಟ ರಬ್ಬರ್ ಗಾಲಿ, ಫ್ಲ್ಯಾಪ್ ಸ್ವಿಚ್ಚಿಗೆ ರೆಕ್ಕೆಯಂತೆ ಓರೆಯಾದ ಒಂದು ತುಂಡು. ಆಮೇಲೆ ಕತ್ತಲಲ್ಲೂ ಕೈಗವಸು ಹಾಕಿದ ಬೆರಳಿಗೂ ಯಾವುದು ಯಾವುದೆಂದು ಗೊತ್ತಾಗುತ್ತಿತ್ತು. ಪೈಲಟ್‌ಗೆ ಹೊಸ ತರಬೇತಿಯಿಲ್ಲ, ಎಚ್ಚರಿಕೆಯ ಫಲಕವಿಲ್ಲ, ಶಿಕ್ಷೆಯಂತೂ ಇಲ್ಲವೇ ಇಲ್ಲ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಅಪಘಾತ ತಪ್ಪಿಸಿದ ಕೆಲಸಗಳು ಕಡಿಮೆ ಎಂದೇ ನಾನು ನಂಬಿದ್ದೇನೆ.

1947ರಲ್ಲಿ ಅದೇ ಪ್ರಯೋಗಾಲಯದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ಪೈಲಟ್‌ಗಳು ಹೇಳಿಕೊಂಡ 460 ತಪ್ಪುಗಳನ್ನು ವಿಂಗಡಿಸಿದರು. ಸುಮಾರು ಅರ್ಧದಷ್ಟು ಒಂದು ಹಿಡಿಯೆಂದುಕೊಂಡು ಇನ್ನೊಂದನ್ನು ಎಳೆದ ಪ್ರಕರಣಗಳು. ಅಷ್ಟು ಮಂದಿ ಒಂದೇ ಬಗೆಯ ತಪ್ಪು ಮಾಡಿದರೆ ಅದು ಆಯಾ ವ್ಯಕ್ತಿಯ ಅಜಾಗ್ರತೆ ಆಗಿರಲಾರದು.

ಈಗ ಚಕ್ರದ ಹಿಡಿ ಗಾಲಿಯ ಆಕಾರದಲ್ಲಿ, ಫ್ಲ್ಯಾಪ್‌ನದು ರೆಕ್ಕೆಯ ಆಕಾರದಲ್ಲಿ ಇರಬೇಕೆಂಬುದು ಪ್ರಯಾಣಿಕ ವಿಮಾನಗಳ ಕಾನೂನೇ ಆಗಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ವಿಮಾನದ ಕಾಕ್‌ಪಿಟ್ಟಿನ ಚಿತ್ರ ಸಿಕ್ಕರೆ ನೋಡಿ: ಎದುರಿನ ಫಲಕದಲ್ಲಿ ತುದಿಗೆ ಪುಟ್ಟ ಗಾಲಿಯಿರುವ ಒಂದು ಹಿಡಿ ಕಾಣುತ್ತದೆ. ಏರ್‌ಬಸ್ ಎ320ರಲ್ಲಿ ಫ್ಲ್ಯಾಪ್‌ನ ಹಿಡಿ ಅದರಿಂದ ದೂರ, ಇಬ್ಬರು ಪೈಲಟ್‌ಗಳ ನಡುವೆ ಇದೆ. ಅದನ್ನು ಮೊದಲು ಮೇಲಕ್ಕೆತ್ತಿ ಆಮೇಲೆ ಸರಿಸಬೇಕು. ಜೊತೆಗೆ, ವಿಮಾನದ ಭಾರ ಚಕ್ರಗಳ ಮೇಲಿರುವ ತನಕ ಗಾಲಿಯ ಹಿಡಿ ಮೇಲಕ್ಕೆ ಏಳದಂತೆ ತಡೆ ಬೀಳುತ್ತದೆ.

ಯುದ್ಧ ಮುಗಿದ ಮೇಲೆ ಚಪಾನಿಸ್ ಅಡುಗೆಮನೆಯ ಒಲೆಗೂ ಬಂದರು. 1959ರಲ್ಲಿ ಒಬ್ಬ ಸಹೋದ್ಯೋಗಿಯೊಂದಿಗೆ ನಾಲ್ಕು ಬರ್ನರ್‌ಗಳ ಒಲೆಯನ್ನು ನಾಲ್ಕು ಥರ ಜೋಡಿಸಿ ಪರೀಕ್ಷಿಸಿದರು. ಒಂದು ಬರ್ನರ್ ತೋರಿಸಿದ ಕೂಡಲೇ ಅದರ ನಾಬ್‌ಗೆ ಕೈ ಹಾಕಬೇಕು. ಮೂರು ಮಾದರಿಗಳಲ್ಲಿ ಬರ್ನರ್‌ಗಳು ಚೌಕವಾಗಿದ್ದವು, ನಾಬ್‌ಗಳು ಸಾಲಾಗಿದ್ದವು. ಅವುಗಳಲ್ಲಿ ನೂರಕ್ಕೆ ಆರರಿಂದ ಹನ್ನೊಂದು ಸಲ ಕೈ ತಪ್ಪಿತು. ಇನ್ನೊಂದರಲ್ಲಿ ಹಿಂದಿನ ಬರ್ನರ್‌ಗಳನ್ನು ಮುಂದಿನವುಗಳ ನೇರದಿಂದ ಪಕ್ಕಕ್ಕೆ ಸರಿಸಿದ್ದರು. ಎಡದಿಂದ ಬಲಕ್ಕೆ ಬರ್ನರ್‌ಗಳು ಯಾವ ಕ್ರಮದಲ್ಲಿವೆಯೋ ನಾಬ್‌ಗಳೂ ಅದೇ ಕ್ರಮದಲ್ಲಿದ್ದವು. ಅದರಲ್ಲಿ 1200 ಪ್ರಯತ್ನಗಳಿಗೆ ಒಂದೂ ತಪ್ಪಿಲ್ಲ.

ನಮ್ಮ ಮನೆಗಳ ಮೂರು ಬರ್ನರ್ ಸ್ಟೌಗಳಲ್ಲಿ ಸಣ್ಣದು ನಡುವೆ ಹಿಂದಿರುವುದರಿಂದ ಈ ಕ್ರಮ ತಾನಾಗಿಯೇ ಕೂಡಿಬರುತ್ತದೆ. ನಾಲ್ಕು ಬರ್ನರ್ ಬಂದೊಡನೆ ಅದೇ ಚೌಕ ಮತ್ತು ಸಾಲು. ಹಾಲು ಉಕ್ಕುತ್ತಿದೆಯೆಂದು ಧಾವಿಸಿ ತಿರುಗಿಸಿದರೆ ಆರುವುದು ಸಾರಿನ ಉರಿ. ತಯಾರಕರು ಪ್ರತಿ ನಾಬ್‌ನ ಪಕ್ಕ ನಾಲ್ಕು ಚುಕ್ಕೆಗಳನ್ನು ಹಾಕಿ, ಒಂದಕ್ಕೆ ಮಾತ್ರ ಬಣ್ಣ ತುಂಬಿರುತ್ತಾರೆ. ಅದನ್ನು ಬಗ್ಗಿ ನೋಡಬೇಕು, ಆ ಹೊತ್ತಿಗೆ ಕಣ್ಣು ಪಾತ್ರೆಯ ಮೇಲಿರುತ್ತದೆ. ವಯಸ್ಸಾದವರಿಗೆ ಆ ಚುಕ್ಕೆಗಳು ಕಾಣುವುದೂ ಕಷ್ಟ. ಹಿಂದಿನ ಎರಡು ಬರ್ನರ್‌ಗಳನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಸರಿಸಿ, ನಾಬ್‌ಗಳನ್ನು ಅದೇ ಕ್ರಮದಲ್ಲಿ ಕೂರಿಸಿದರೆ ಚುಕ್ಕೆಗಳೇ ಬೇಡ. ಅಂಗಡಿಗೆ ಹೋದಾಗ ಗಾಜಿನ ಹೊಳಪು ನೋಡುವ ಮೊದಲು, ಆ ಚುಕ್ಕೆಗಳ ಮೇಲೆ ಕೈಯಿಟ್ಟು ಮುಚ್ಚಿ, ಯಾವ ನಾಬ್ ಯಾವ ಬರ್ನರ್‌ನದು ಎಂದು ಊಹಿಸಿ. ತಪ್ಪಿದರೆ ಆ ಸ್ಟೌವನ್ನು ಅಲ್ಲೇ ಬಿಟ್ಟು ಬನ್ನಿ, ಯಾಕೆ ಬಿಟ್ಟಿರೆಂದು ಅಂಗಡಿಯವರಿಗೂ ಹೇಳಿ.